ಬೆಲ್ಟ್ ತುಂಡಾಗಿದ್ದು ಯಾರಿಂದ?

"ಮತ್ತೆ ಕೀ ತಿರುಗಿಸಿದ್ರಾ?"

ಸ್ಕೂಟರಿಗೆ ಸ್ಟ್ಯಾಂಡ್ ಹಾಕುವ ಮೊದಲೇ ಮೆಕ್ಯಾನಿಕ್ ಕೇಳಿದ ಪ್ರಶ್ನೆ ಅದು. ನಮಸ್ಕಾರ ಇಲ್ಲ, 'ಏನಾಯ್ತು ಮೇಡಂ' ಇಲ್ಲ… ನೇರವಾಗಿ ವಿಚಾರಣೆ!

ಯಶೋಧರಾಗೆ ಮೈ ಉರಿದುಹೋಯಿತು.

ಬೆಳಗಿನ ಒಂಬತ್ತೂಕಾಲು. ರಾಮಕೃಷ್ಣ ಆಶ್ರಮದ ಸರ್ಕಲ್. ಅಪ್ಪನ ಹಳೆಯ ಡೀಸೆಲ್ ಕಾರು ಸಿಗ್ನಲ್ ದಾಟುತ್ತಿದ್ದಂತೆ 'ಟಪ್' ಎಂದು ಒಂದೇ ಒಂದು ಸದ್ದು ಮಾಡಿ ಸುಮ್ಮನಾಗಿತ್ತು. ಹಿಂದಿದ್ದ ಬಸ್ಸಿನ ಡ್ರೈವರ್ ಹಾರನ್ ಮೇಲೆ ಕೈ ಇಟ್ಟವನು ತೆಗೆದೇ ಇರಲಿಲ್ಲ. ಹೂವು ಮಾರುವ ಇಬ್ಬರು ಹೆಂಗಸರು ಬಂದು ಹಿಂದಿನಿಂದ ತಳ್ಳಿ, ಕಾರನ್ನು ಮರದ ಕೆಳಗೆ ನಿಲ್ಲಿಸಿಕೊಟ್ಟಿದ್ದರು.

"ತಿರುಗಿಸ್ದೆ. ನನ್ನ ಕಾರು, ನನ್ನ ಕೀ. ಏನೀಗ?"

"ಎಷ್ಟು ಸಲ?"

"ಎರಡು ಸಲ."

ಅವನು ಒಂದು ಕ್ಷಣ ಕಣ್ಣು ಮುಚ್ಚಿಕೊಂಡ. "ಟೈಮಿಂಗ್ ಬೆಲ್ಟ್ ಹೋದ್ಮೇಲೆ ಕೀ ತಿರುಗಿಸ್ಬಾರ್ದು ಮೇಡಂ. ಪಿಸ್ಟನ್ ಮೇಲೆ ಬರುತ್ತೆ, ವಾಲ್ವ್ ತೆರೆದೇ ಇರುತ್ತೆ. ಎರಡೂ ಗುದ್ದಿಕೊಂಡು ವಾಲ್ವ್ ಬೆಂಡಾಗುತ್ತೆ."

"ಅಂದ್ರೆ ತಪ್ಪು ನಂದು!"

"ನಾನು ಹಂಗೆ ಹೇಳ್ಲಿಲ್ಲ…"

"ಹೇಳೋಕೆ ಹೊರಟಿದ್ರಿ!"

ಇಲ್ಲಿ ನಮ್ಮ ನಾಯಕಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅವಳನ್ನು ಜಗಳಗಂಟಿ ಅಂದುಕೊಳ್ಳುತ್ತೀರಿ. ಯಶೋಧರಾ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅನುಮಾನ ಪಡುವುದಕ್ಕೇ ಸರ್ಕಾರ ಅವಳಿಗೆ ಸಂಬಳ ಕೊಡುತ್ತದೆ. ಅವಳು ಕೆ.ಆರ್. ಮಾರ್ಕೆಟ್ಟಿನೊಳಗೆ ಕಾಲಿಟ್ಟರೆ ಸಾಕು, ಅರ್ಧ ಸಾಲಿನ ತಕ್ಕಡಿಗಳು ತಾವಾಗಿಯೇ ಸರಿಯಾಗುತ್ತವೆ. ತಟ್ಟೆಯ ತಳದ ಆಯಸ್ಕಾಂತ, ಒಳಗೆ ಟೊಳ್ಳು ಕೊರೆದ ತೂಕದ ಕಲ್ಲು, ಬಿಚ್ಚಿ ಮತ್ತೆ ಒತ್ತಿದ ಸೀಲು… ಎಲ್ಲ ಅವಳ ಕಣ್ಣಿಗೆ ಬೀಳುತ್ತದೆ. ಹೆಣ್ಣು ನೋಡಲು ಬಂದ ಒಬ್ಬ ತನ್ನ ಎತ್ತರ ಐದು ಅಡಿ ಹತ್ತಿಂಚು ಅಂದಿದ್ದ. ಬಾಗಿಲ ಚೌಕಟ್ಟಿನ ಪಕ್ಕ ನಿಲ್ಲಿಸಿ ನೋಡಿದಳು. ಐದು ಏಳು! ಕಾಫಿ ಲೋಟ ಖಾಲಿಯಾಗುವ ಮೊದಲೇ ಆ ಸಂಬಂಧ ಮುಗಿದಿತ್ತು.

ಇಂಥವಳು ಬಾನೆಟ್ ಎತ್ತಿದಾಗ ಒಳಬದಿಯಲ್ಲಿ ಕಂಡದ್ದು ಒಂದು ಹಳದಿ ಸ್ಟಿಕ್ಕರ್. 'ಟೈಮಿಂಗ್ ಬೆಲ್ಟ್ ಹೊಸದು' ಎಂದು ದುಂಡಗಿನ ಅಕ್ಷರ. ಕಿಲೋಮೀಟರ್, ತಾರೀಖು, ಕೆಳಗೆ 'ಶಶಿಕುಮಾರ್, ಚಾಮರಾಜಪೇಟೆ' ಎಂಬ ಹೆಸರು, ಫೋನ್ ನಂಬರು. ಆ ತಾರೀಖು ಕಳೆದು ಇನ್ನೂ ಎಂಟೇ ತಿಂಗಳು. ಓಡಿದ್ದು ಒಂಬತ್ತು ಸಾವಿರ ಕಿಲೋಮೀಟರ್.

ಆ ನಂಬರಿಗೇ ಅವಳು ಫೋನ್ ಮಾಡಿದ್ದಳು.

"ಅರವತ್ತು ಸಾವಿರ ಕಿಲೋಮೀಟರ್ ಬರುತ್ತೆ ಅಂತ ನಮ್ಮಪ್ಪಂಗೆ ಹೇಳಿದ್ರಂತೆ. ಒಂಬತ್ತು ಸಾವಿರಕ್ಕೇ ಹೋಯ್ತಲ್ಲ! ಹೊಸ ಬೆಲ್ಟ್ ಹಾಕಿದ್ರೋ, ಬರೀ ಹೊಸ ಸ್ಟಿಕ್ಕರ್ ಹಾಕಿದ್ರೋ?"

ಶಶಿಕುಮಾರ್ ಬೆಲ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ. ಒಳಗೆ ಕಪ್ಪು ರಬ್ಬರಿನ ಪಟ್ಟಿ ಎರಡು ತುಂಡಾಗಿ, ಹಲ್ಲುಗಳು ಉದುರಿ ಬಿದ್ದಿದ್ದವು. ಟಾರ್ಚ್ ಹಿಡಿದು ಬಗ್ಗಿದ. ಒಂದು ಕಡೆ ಬೆಳಕು ನಿಂತಿತು. ಅಲ್ಲೇ ನಿಂತಿತು… ಆಮೇಲೆ ಅವನ ಮುಖ ಬದಲಾಯಿತು.

'ಏನೋ ಕಂಡಿದೆ ಇವನಿಗೆ!'

"ಏನದು?" ಎಂದು ಅವಳೂ ಬಗ್ಗಿದಳು.

"ಏನಿಲ್ಲ ಮೇಡಂ." ಮುಚ್ಚಳ ಪಟಕ್ಕನೆ ಮುಚ್ಚಿತು. "ಈ ಗಾಡೀನ ನಾನು ಬಿಟ್ಟು ಬೇರೆ ಯಾರಾದ್ರೂ ಮುಟ್ಟಿದಾರಾ?"

"ಓಹೋ! ಈಗ ಇನ್ನೊಬ್ಬರ ಮೇಲೆ ಹಾಕೋ ಪ್ಲಾನಾ? ಯಾರೂ ಮುಟ್ಟಿಲ್ಲ. ಮನೇಲಿ ಗಾಡಿ ಕೆಲಸ ಗೊತ್ತಿರೋದು ಅಪ್ಪ ಒಬ್ರಿಗೇ. ಅವ್ರಿಗೆ ಕೈ ನಡುಗುತ್ತೆ, ಟೂಲ್ ಬಾಕ್ಸ್‌ಗೆ ನಾನೇ ಬೀಗ ಹಾಕಿದೀನಿ."

ಶಶಿಕುಮಾರ್ ತಲೆ ಎತ್ತಿ ಅವಳನ್ನು ನೋಡಿದ.

"ಸರಿ ಮೇಡಂ. ಗಾಡಿ ನನ್ನ ಗ್ಯಾರೇಜಿಗೆ ಹೋಗ್ಲಿ. ನಾನೇ ಸರಿ ಮಾಡಿಕೊಡ್ತೀನಿ. ನೀವೇನೂ ಕೊಡ್ಬೇಡಿ."

ಅವಳ ಅನುಮಾನ ಅಲ್ಲೇ ಗಟ್ಟಿಯಾಯಿತು. ತಪ್ಪು ಮಾಡದವನು ಸುಮ್ಮನೆ ಯಾಕೆ ರಿಪೇರಿ ಮಾಡಿಕೊಡುತ್ತಾನೆ ಹೇಳಿ?

*

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಹಳೆಯ ಮನೆಯ ಕಾಂಪೌಂಡೇ ಅವನ ಗ್ಯಾರೇಜು. ಒಬ್ಬನೇ ಕೆಲಸ ಮಾಡುತ್ತಾನೆ. ಕೆಳಗೆ ಬಿದ್ದ ಎಣ್ಣೆಯ ಮೇಲೆ ಮರಳು, ಮರಳಿನ ಮೇಲೆ ಗೋಣಿಚೀಲ, ಎಲ್ಲ ಒರೆಸಿ ಇಟ್ಟ ಹಾಗೆ. ಆ ಚೊಕ್ಕಟ ಕೂಡ ಯಶೋಧರಾಗೆ ಸರಿ ಬರಲಿಲ್ಲ. ಗ್ಯಾರೇಜು ಇಷ್ಟು ನೀಟಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಅಂತಲೇ ಅರ್ಥ!

ಕಾರು ಒಳಗೆ ಬಂದ ಕೂಡಲೇ ಅವಳು ಬ್ಯಾಗಿನಿಂದ ಗಟ್ಟಿ ಹುರಿ ತೆಗೆದಳು. ಬಾನೆಟ್ಟಿನ ಕೊಕ್ಕೆಗೆ ಸುತ್ತಿ ಗಂಟು ಹಾಕಿ, ಗಂಟಿನ ಮೇಲೆ ಅರಗು ಕರಗಿಸಿ, ಹೆಬ್ಬೆರಳು ಒತ್ತಿದಳು.

ಶಶಿಕುಮಾರ್ ಬಾಯಿ ಬಿಟ್ಟುಕೊಂಡು ನೋಡಿದ. "ಏನ್ ಮೇಡಂ ಇದು?"

"ಸೀಲು. ನಾನು ಇಲ್ದೇ ಇದ್ದಾಗ ನೀವು ಬಾನೆಟ್ ತೆಗೀಬಾರ್ದು. ಈ ವಾರ ಪೂರ್ತಿ ನನಗೆ ಮಾರ್ಕೆಟ್ ಡ್ಯೂಟಿ. ದಿನಾ ಮಧ್ಯಾಹ್ನ ಊಟದ ಹೊತ್ತಲ್ಲಿ ಬರ್ತೀನಿ, ಬಿಚ್ಚುತೀನಿ. ನನ್ನ ಕಣ್ಣೆದುರು ಕೆಲಸ ಮಾಡಿ."

"ನಾನು ಗಾಡಿ ರಿಪೇರಿ ಮಾಡ್ತಿದೀನೋ, ದೇವಸ್ಥಾನದ ಹುಂಡಿ ತೆಗೀತಿದೀನೋ?"

ಅವಳಿಗೆ ನಗು ಬಂತು. ನುಂಗಿಕೊಂಡಳು. ಅನುಮಾನ ಇರುವ ಜಾಗದಲ್ಲಿ ನಗಬಾರದು ಎಂಬುದು ಅವಳ ನಿಯಮ.

ಹೀಗೆ ಶುರುವಾಯಿತು ಆ ವಿಚಿತ್ರ ವಾರ.

ದಿನಾ ಮಧ್ಯಾಹ್ನ ಒಂದಕ್ಕೆ ಅವಳು ಬರುತ್ತಾಳೆ. ಅರಗು ಒಡೆಯುತ್ತಾಳೆ. ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ. ಅವನು ಒಂದು ಗಂಟೆ ಕೆಲಸ ಮಾಡುತ್ತಾನೆ. ಮತ್ತೆ ಹುರಿ, ಮತ್ತೆ ಅರಗು.

ಮೊದಲ ದಿನ ವಾಲ್ವುಗಳು ಕೂರುವ ಎಂಜಿನ್ನಿನ ಹೆಡ್ ಬಿಚ್ಚಿದ. ನಿಜ, ಎರಡು ವಾಲ್ವ್ ಸೊಟ್ಟಗಾಗಿದ್ದವು. ಅವಳೇ ಎರಡನ್ನೂ ಬೆರಳಲ್ಲಿ ಉರುಳಿಸಿ ನೋಡಿ, "ಎರಡು ಸಲ ತಿರುಗಿಸಿದ್ದಕ್ಕೆ ಎರಡಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಇಲ್ಲ ಇಲ್ಲ. ಬೆಲ್ಟ್ ತುಂಡಾದಾಗ್ಲೇ ಒಂದು ಹೋಗಿರುತ್ತೆ."

'ಸಮಾಧಾನ ಮಾಡ್ತಿದಾನಾ? ಯಾಕೆ?'

ಬಿಚ್ಚಿದ ಬೋಲ್ಟುಗಳನ್ನೆಲ್ಲ ಅವನು ಸೀಮೆಎಣ್ಣೆಯಲ್ಲಿ ತೊಳೆದು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡುತ್ತಿದ್ದ. ಮೇಲಿನ ಬೋಲ್ಟು ಮೇಲಿನ ತಟ್ಟೆಗೆ, ಕೆಳಗಿನದು ಕೆಳಗಿನ ತಟ್ಟೆಗೆ. ಒಂದೂ ಅದಲು ಬದಲಾಗುತ್ತಿರಲಿಲ್ಲ. ಆ ಕೈಗಳನ್ನು ನೋಡುತ್ತಾ ಅವಳು ತನ್ನ ಊಟದ ಡಬ್ಬಿ ಬಿಚ್ಚುವುದನ್ನೇ ಮರೆಯುತ್ತಿದ್ದಳು.

ಎರಡನೇ ದಿನ ಹೆಡ್ಡನ್ನು ಕಲಾಸಿಪಾಳ್ಯದ ಲೇತ್ ಅಂಗಡಿಗೆ ಒಯ್ಯಬೇಕಿತ್ತು. ಅವಳೂ ಹೊರಟಳು. ದಾರಿಯಲ್ಲಿ ಹೆಡ್ ಬದಲಾಯಿಸಿಬಿಟ್ಟರೆ? ಸ್ಕೂಟರಿನ ಮೇಲೆ ಇಬ್ಬರ ನಡುವೆ ಗೋಣಿಯಲ್ಲಿ ಸುತ್ತಿದ ಆ ಭಾರದ ಕಬ್ಬಿಣ. ತಿರುವಿನಲ್ಲಿ ಅವಳ ಕೈ ತಾನಾಗಿಯೇ ಅವನ ಭುಜ ಹಿಡಿಯಿತು. ಹಿಡಿದ ಕೈಯನ್ನು ತೆಗೆಯಬೇಕೆಂದು ನೆನಪಾಗಿದ್ದು ಲೇತ್ ಅಂಗಡಿ ಬಂದ ಮೇಲೆ.

"ಮೇಡಂ, ಬಂತು. ಇಳೀರಿ."

"ಗೊತ್ತು!" ಎಂದು ಸಿಡುಕಿದಳು. ಕಿವಿ ಬಿಸಿಯಾಗಿತ್ತು.

ಲೇತಿನವನು ಹೆಡ್ಡನ್ನು ಉಜ್ಜಿ ಸಮ ಮಾಡಲು ಎರಡು ದಿನ ಕೇಳಿದ. ಹೊಸ ವಾಲ್ವ್ ಬರುವುದು ಶುಕ್ರವಾರ ಎಂದು ಶಶಿಕುಮಾರ್ ಹೇಳಿದ.

ಅಂದಿನಿಂದ ಅವಳಿಗೊಂದು ಕಷ್ಟ ಶುರುವಾಯಿತು. ಈ ಮನುಷ್ಯ ಕಳ್ಳ ಆಗದಿರಲಿ ಎಂದು ಮನಸ್ಸು ಬೇಡಿಕೊಳ್ಳತೊಡಗಿತು. ಮಾರ್ಕೆಟ್ಟಿನಲ್ಲಿ ತೂಕದ ಕಲ್ಲು ಹಿಡಿದು ನಿಂತಾಗಲೂ ಅದೇ. 'ಇವನು ಕಳ್ಳ ಆಗಿರಬಾರದು… ಇವನೊಬ್ಬ ಆಗಿರಬಾರದು!' ಆದರೆ ಅವಳ ಕಣ್ಣು ಆ ಬೇಡಿಕೆಯನ್ನು ಕೇಳುವ ಜಾತಿಯದಲ್ಲವಲ್ಲ. ಮೂರನೇ ದಿನ ಅದು ತನ್ನ ಕೆಲಸ ಮಾಡಿಯೇಬಿಟ್ಟಿತು.

ಗ್ಯಾರೇಜುಗಳಲ್ಲಿ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರುತ್ತದೆ. ಹೊಸ ಸಾಮಾನು ಹಾಕಿದರೆ ಹಳೆಯದನ್ನು ಗಿರಾಕಿಯ ಡಿಕ್ಕಿಯಲ್ಲೇ ಇಡಬೇಕು. ನೋಡಿ, ನಿಜವಾಗಿ ಬದಲಾಯಿಸಿದ್ದೇನೆ ಅಂತ ಸಾಕ್ಷಿ. ಶಶಿಕುಮಾರ್ ಎಲ್ಲ ಇಟ್ಟಿದ್ದ. ತುಂಡಾದ ಬೆಲ್ಟು, ಸೊಟ್ಟ ವಾಲ್ವು, ಹಳೆಯ ಗ್ಯಾಸ್ಕೆಟ್ಟು ಕೂಡ. ಒಂದು ಮಾತ್ರ ಇರಲಿಲ್ಲ.

"ಟೆನ್ಶನರ್ ಎಲ್ಲಿ?" ಬೆಲ್ಟನ್ನು ಎಷ್ಟು ಬೇಕೋ ಅಷ್ಟೇ ಬಿಗಿ ಹಿಡಿಯುವ ಆ ಉರುಟು ಚಕ್ರದ ಹೆಸರು ಅವಳಿಗೆ ಅಷ್ಟರಲ್ಲಿ ಬಾಯಿಪಾಠ ಆಗಿತ್ತು. "ಸೋಮವಾರ ಬ್ರ್ಯಾಕೆಟ್ ಸಮೇತ ಬಿಚ್ಚಿದ್ರಲ್ಲ, ಅದು?"

"ಅದು… ಬಿಸಾಡ್ದೆ ಮೇಡಂ."

"ಗ್ಯಾಸ್ಕೆಟ್ ಇಟ್ಕೊಂಡು ಟೆನ್ಶನರ್ ಬಿಸಾಡಿದ್ರಾ?"

"ಕೆಟ್ಟೋಗಿತ್ತು."

"ಇಲ್ಲಿರೋದೆಲ್ಲ ಕೆಟ್ಟೋಗಿರೋದೇ!"

ಅವನು ಸುಮ್ಮನೆ ಸ್ಪ್ಯಾನರ್ ಒರೆಸುತ್ತಾ ನಿಂತ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಸುಳ್ಳು ಹೇಳಿದರೆ ಹೇಗಿರುತ್ತದೋ ಹಾಗೆ ಕತ್ತಿನ ತನಕ ಕೆಂಪಾಗಿದ್ದ.

*

ಗುರುವಾರ ಸಂಜೆ ಆಫೀಸಿನಿಂದ ಹನುಮಂತನಗರದ ಮನೆಗೆ ಬಂದರೆ ಗೇಟಿನ ಹತ್ತಿರ ಅವನ ಸ್ಕೂಟರು!

ಹಿತ್ತಲಿನ ಕಲ್ಲಿನ ಮೇಲೆ ಅಪ್ಪ ಬೈರಯ್ಯ ಕೂತಿದ್ದರು. ಎದುರಿಗೆ ಶಶಿಕುಮಾರ್ ಕುಕ್ಕರುಗಾಲಲ್ಲಿ. ಅಪ್ಪ ತಮ್ಮ ನಡುಗುವ ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು, ಬಹಳ ಮೆಲ್ಲಗೆ.

ಅವಳನ್ನು ಕಂಡದ್ದೇ ಇಬ್ಬರೂ ಮಾತು ನಿಲ್ಲಿಸಿದರು.

"ಏನ್ ನಡೀತಿದೆ ಇಲ್ಲಿ?"

"ಏನಿಲ್ಲಮ್ಮ, ಸುಮ್ನೆ… ಹಳೇ ಮಿಲ್ಲಿನ ವಿಷಯ," ಎಂದರು ಬೈರಯ್ಯ. ಅವರು ಬಿನ್ನಿಪೇಟೆಯ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಗಿದ್ದರೂ ಅವರ ಮಾತು ಇನ್ನೂ ಮಗ್ಗಗಳ ನಡುವೆಯೇ ಓಡಾಡುತ್ತದೆ. ಆದರೆ ಮಿಲ್ಲಿನ ವಿಷಯ ಹೇಳುವಾಗ ಅಪ್ಪ ಯಾವತ್ತೂ ಹೀಗೆ ನೆಲ ನೋಡಿದವರಲ್ಲ.

ಅಮ್ಮ ಅಂಜಮ್ಮ ಎಲ್ಲರನ್ನೂ ಒಳಗೆ ಕರೆದು ಕಾಫಿ ಕೊಟ್ಟರು. ಹಾಲಿನ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಶಶಿಕುಮಾರ್ ಎರಡನ್ನೂ ನೋಡಿದ. ಯಶೋಧರಾ ಅವನನ್ನು ನೋಡಿದಳು. ಅವನ ಮನೆಯವರು ಕುಣಿಗಲ್ ಕಡೆಯ ಗೌಡರು ಎಂದು ಅವನೇ ಹೇಳಿದ್ದ. ಈ ಗೋಡೆ ನೋಡಿದ ಮೇಲೆ 'ಈಗ ತಾನೇ ಕುಡಿದು ಬಂದೆ' ಎಂದು ಲೋಟ ಮುಟ್ಟದೆ ಎದ್ದುಹೋದವರನ್ನು ಅವಳು ಕಂಡಿದ್ದಳು. ಈ ಅನುಮಾನ ಇಲಾಖೆ ಕಲಿಸಿದ್ದಲ್ಲ.

ಅವನು ಲೋಟ ಖಾಲಿ ಮಾಡಿದ. "ಅಮ್ಮ, ಇನ್ನರ್ಧ ಲೋಟ ಇದ್ಯಾ?" ಎಂದ.

ಇಷ್ಟು ಒಳ್ಳೆಯವನು ಅಪ್ಪನನ್ನು ಯಾಕೆ ಗುಟ್ಟಾಗಿ ನೋಡಲು ಬರಬೇಕು? ಬೆಲ್ಟ್ ಹಾಕದೇ ಮೋಸ ಮಾಡಿದ್ದನ್ನು ಮುಚ್ಚಲು, ಪಾಪದ ಮುದುಕರನ್ನು ಒಲಿಸಿಕೊಳ್ಳುತ್ತಿದ್ದಾನೆ… ಇನ್ನೇನಿರುತ್ತದೆ?

ಗೇಟಿನ ತನಕ ಹೋಗಿ ಅವನನ್ನು ತಡೆದಳು.

"ಶಶಿಕುಮಾರ್, ನೇರವಾಗಿ ಕೇಳ್ತೀನಿ. ನೀವೇನೋ ಮುಚ್ಚಿಡ್ತಿದೀರ. ಹೌದೋ ಅಲ್ವೋ?"

ಅವನು ಸ್ಕೂಟರಿನ ಕೀ ಕೈಯಲ್ಲೇ ಹಿಡಿದು ಅವಳ ಕಡೆ ತಿರುಗಿದ.

"ಹೌದು."

"ಏನು?"

"ಹೇಳೋಕಾಗಲ್ಲ."

"ಹಾಗಾದ್ರೆ ನಾನೇ ಹೇಳ್ತೀನಿ. ಬೆಲ್ಟ್ ಹೋಗಿದ್ದು ನಿಮ್ಮ ತಪ್ಪಿಂದ. ಅದನ್ನ ಬರೆದು ಸೈನ್ ಮಾಡಿ ಕೊಡಿ. ಇಲ್ಲ, ಸತ್ಯ ಹೇಳಿ. ಎರಡರಲ್ಲಿ ಒಂದು, ನಾಳೆ ಒಳಗೆ. ಆಗಲ್ಲ ಅಂದ್ರೆ ನಾನು ಗ್ರಾಹಕರ ಕೋರ್ಟಿಗೆ ಹೋಗ್ತೀನಿ. ನಿಮ್ಮ ಬೀದಿಗೆಲ್ಲ ಗೊತ್ತಾಗುತ್ತೆ."

ಅವಳಿಗೆ ಬೇಕಾಗಿದ್ದು ಕಾಗದವಲ್ಲ. ಅವನು ಸಿಟ್ಟಾಗಬೇಕಿತ್ತು. 'ನಾನು ಯಾಕ್ರೀ ಬರ್ಕೊಡ್ಲಿ, ನನ್ನ ತಪ್ಪಿಲ್ಲ!' ಎಂದು ಕೂಗಬೇಕಿತ್ತು. ಒಂದು ಸಲ ಕೂಗಿದ್ದರೆ ನಂಬಿಬಿಡುತ್ತಿದ್ದಳು.

ಮರುದಿನ ಮಧ್ಯಾಹ್ನ ಅವನು ಮಡಿಸಿದ ಹಾಳೆಯೊಂದನ್ನು ಅವಳ ಕೈಗಿಟ್ಟ.

'ಬೆಲ್ಟನ್ನು ಮಿತಿ ಮೀರಿ ಬಿಗಿ ಮಾಡಿದ್ದು ನನ್ನ ತಪ್ಪು. ಅದಕ್ಕೇ ತುಂಡಾಯಿತು. ಶಶಿಕುಮಾರ್.'

ಅದೇ ದುಂಡಗಿನ ಅಕ್ಷರ.

"ಇದನ್ನ ಎಲ್ಲಿ ಬೇಕಾದ್ರೂ ತೋರಿಸಿ," ಎಂದ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಯಶೋಧರಾ ಗೆದ್ದಿದ್ದಳು. ಆಟೋದಲ್ಲಿ ಕೂತು ಮನೆಗೆ ಹೋಗುವಾಗ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಆಟೋದವನು ಕನ್ನಡಿಯಲ್ಲಿ ನೋಡಿ, "ಏನ್ ಅಕ್ಕಾ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು.

*

ಶನಿವಾರ ಬೆಳಗ್ಗೆ ಅವಳು ಎದ್ದಾಗ ತಲೆ ತಣ್ಣಗಿತ್ತು. ಹಾಳೆಯನ್ನು ಮತ್ತೆ ಓದಿದಳು.

'ಮಿತಿ ಮೀರಿ ಬಿಗಿ…'

ಒಂದು ವಾರದಿಂದ ಅವಳು ಆ ಕೈಗಳನ್ನು ನೋಡಿದ್ದಾಳೆ. ಪ್ರತಿ ನಟ್ಟನ್ನೂ ಟಾರ್ಕ್ ಸ್ಪ್ಯಾನರಿನಲ್ಲಿ ಅಳೆದು ಬಿಗಿ ಮಾಡುವ ಕೈ. ಅಳತೆ ತಪ್ಪುವವರು ಹೇಗಿರುತ್ತಾರೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಮನುಷ್ಯ ಅಳತೆ ತಪ್ಪುವವನಲ್ಲ. ಹಾಗಿದ್ದರೆ ಈ ಹಾಳೆಯೇ ಸುಳ್ಳು!

ಗ್ಯಾರೇಜಿನ ಬಾಗಿಲು ತೆರೆದಿತ್ತು. ಅವನು ಇರಲಿಲ್ಲ. ಪಕ್ಕದ ಟೀ ಅಂಗಡಿಗೆ ಹೋಗಿದ್ದನೇನೋ. ಇನ್ನೊಬ್ಬರ ಬೀರು ತೆಗೆಯುವುದು ತಪ್ಪು. ಅವಳು ತೆಗೆದಳು. ಅನುಮಾನದ ಬುದ್ಧಿ ಒಂದು ಸಲ ಒಳ್ಳೆಯದಕ್ಕೆ ಬಳಕೆಯಾಗಲಿ ಬಿಡಿ.

ಕೆಳಗಿನ ಅರೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ. ಒಳಗೆ ಬಟ್ಟೆಯಲ್ಲಿ ಸುತ್ತಿದ ಟೆನ್ಶನರ್, ಬ್ರ್ಯಾಕೆಟ್ ಸಮೇತ.

ಬೆಳಕಿಗೆ ಹಿಡಿದಳು. ಬೇರಿಂಗ್ ಸುಟ್ಟು ನೀಲಿಗಟ್ಟಿತ್ತು. ನಟ್ಟಿನ ಮೇಲೆ ಬಿಳಿ ಬಣ್ಣದ ಗೆರೆ. ಕೆಲಸ ಮುಗಿದ ಮೇಲೆ ಅವನು ನಟ್ಟಿನಿಂದ ಬ್ರ್ಯಾಕೆಟ್ಟಿನ ತನಕ ಒಂದೇ ಎಳೆಯಲ್ಲಿ ಬಿಳಿ ಗೆರೆ ಎಳೆಯುವುದನ್ನು ಅವಳು ಬೇರೆ ಗಾಡಿಗಳಲ್ಲಿ ನೋಡಿದ್ದಳು. ಆಮೇಲೆ ಯಾರಾದರೂ ತಿರುಗಿಸಿದರೆ ಗೆರೆ ಕೂಡುವುದಿಲ್ಲ.

ಇಲ್ಲಿ ಗೆರೆ ಕೂಡುತ್ತಿರಲಿಲ್ಲ.

ನಟ್ಟಿನ ಗೆರೆ ಒಂದು ಕಡೆ, ಬ್ರ್ಯಾಕೆಟ್ಟಿನ ಗೆರೆ ಇನ್ನೊಂದು ಕಡೆ. ಅವನು ಗೆರೆ ಎಳೆದ ಮೇಲೆ ಇನ್ಯಾರೋ ತಿರುಗಿಸಿದ್ದಾರೆ! ನಟ್ಟಿನ ಮೂಲೆಗಳೂ ಸವೆದು, ಕಚ್ಚಿದ ಗುರುತು ಬಿದ್ದಿದ್ದವು. ಮೆಕ್ಯಾನಿಕ್ಕಿನ ಸ್ಪ್ಯಾನರ್ ಹಾಗೆ ಕಚ್ಚುವುದಿಲ್ಲ. ಹಾಗೆ ಕಚ್ಚುವುದು…

ನಲ್ಲಿ ಬಿಚ್ಚುವ ಪಾನಾ. ಅವಳ ಮನೆಯ ಸಿಂಕಿನ ಕೆಳಗೇ ಒಂದಿದೆ. ಟೂಲ್ ಬಾಕ್ಸಿಗೆ ಬೀಗ ಹಾಕಿದವಳು ಅದನ್ನು ಮರೆತಿದ್ದಳು.

"ಅಪ್ಪಾ…"

"ಏನ್ ಹುಡುಕ್ತಿದೀರ?" ಬಾಗಿಲಲ್ಲಿ ಶಶಿಕುಮಾರ್, ಕೈಯಲ್ಲಿ ಟೀ ಲೋಟ.

"ನೀವು ಬಿಸಾಡಿದ್ದನ್ನ!"

ಅವನು ಲೋಟ ಕೆಳಗಿಟ್ಟ.

"ಮೊದಲನೇ ದಿನವೇ ಗೊತ್ತಾಗಿತ್ತಾ ನಿಮ್ಗೆ? ಟಾರ್ಚ್ ಬಿಟ್ಟಾಗ್ಲೇ?"

"ಹ್ಞೂಂ. ಎಂಟು ತಿಂಗಳ ಹಿಂದೆ ಗಾಡಿ ತಗೊಂಡು ಹೋಗುವಾಗ ನಿಮ್ಮಪ್ಪ ಬೆಲ್ಟ್ ಒತ್ತಿ ನೋಡಿ, ಸಡಿಲ ಇದೆ ಕಣಪ್ಪ ಅಂದಿದ್ರು. ಮಿಲ್ಲಲ್ಲಿ ಬೆಲ್ಟ್ ಬೆರಳಲ್ಲಿ ತಟ್ಟಿದ್ರೆ ಠಣ್ ಅನ್ಬೇಕಂತೆ. ಇಲ್ದಿದ್ರೆ ಜಾರುತ್ತೆ, ಮಗ್ಗ ನಿಲ್ಲುತ್ತೆ. ಇದಕ್ಕೆ ಹಲ್ಲಿದೆ ಯಜಮಾನ್ರೇ, ಇದು ಜಾರಲ್ಲ, ಇಷ್ಟೇ ಇರ್ಬೇಕು ಅಂದೆ. ಅವ್ರಿಗೆ ಒಪ್ಪಿಗೆ ಆಗ್ಲಿಲ್ಲ. ಮನೇಲಿ ಅವ್ರೇ ಬಿಗಿ ಮಾಡಿದಾರೆ. ನೀವು ನಡುರಸ್ತೇಲಿ ನಿಂತಿದ್ರಿ ಅಂತ ಗೊತ್ತಾದ್ಮೇಲೆ ಅವ್ರು ಊಟಾನೂ ಸರಿಯಾಗಿ ಮಾಡಿಲ್ವಂತೆ."

"ನನಗೆ ಹೇಳ್ಬೋದಿತ್ತಲ್ಲ!"

"ಹೇಳ್ಬೇಡ ಅಂದ್ರು. 'ಮಗಳು ಬೈದ್ರೆ ಬೈಸ್ಕೋತೀನಿ. ಆದ್ರೆ ಇವ್ರ ಕೈಲಿ ಇನ್ನೇನೂ ಆಗಲ್ಲ ಅನ್ನೋ ಹಾಗೆ ನೋಡ್ತಾಳಲ್ಲ, ಅದು ಬೇಡ' ಅಂದ್ರು."

ಯಶೋಧರಾ ಕೈಯಲ್ಲಿದ್ದ ಟೆನ್ಶನರನ್ನು ಕೆಳಗಿಟ್ಟಳು. ಹಾಗೆ ನೋಡುತ್ತಿದ್ದಳೇ? ನೋಡುತ್ತಿದ್ದಳು. ಬೀಗ ಹಾಕಿದ ದಿನದಿಂದ ಹಾಗೇ ನೋಡುತ್ತಿದ್ದಳು.

ಆದರೆ ಸಿಟ್ಟು ಅಳುವಿಗಿಂತ ಮೊದಲು ಬಂತು.

"ಅದಕ್ಕೆ ನೀವು ಸುಳ್ಳು ಬರೆದುಕೊಟ್ರಿ! ನಾನು ಅದನ್ನ ನಂಬಿ… ನಿನ್ನೆ ಎಷ್ಟು ಅತ್ತೆ ಗೊತ್ತಾ ನಿಮ್ಗೆ? ಅಪ್ಪನ್ನ ನೋಡೋ ನನ್ನ ಕಣ್ಣು ಬದಲಾಗ್ಬಾರ್ದು, ಸರಿ. ನಿಮ್ಮನ್ನ ನೋಡೋ ಕಣ್ಣು ಬದಲಾದ್ರೆ ಪರ್ವಾಗಿಲ್ವಾ?"

"ನೋವಾಗ್ತಿತ್ತು," ಎಂದ ಅವನು ನಿಧಾನವಾಗಿ. "ತುಂಬಾನೇ."

ಅವಳು ಬ್ಯಾಗಿನಿಂದ ಹಾಳೆ ತೆಗೆದು, ನಾಲ್ಕು ತುಂಡು ಮಾಡಿ, ಅವನ ಕಸದ ಡಬ್ಬಕ್ಕೆ ಹಾಕಿದಳು.

"ಕೇಳಿಸ್ಕೊಳ್ಳಿ ಶಶಿ. ನನಗೆ ಕಹಿ ನಿಜ ಹೇಳಿ, ಬೈದು ಹೇಳಿ, ತಡ್ಕೋತೀನಿ. ನನ್ನ ಒಳ್ಳೇದಕ್ಕೆ ಅಂತ ಸುಳ್ಳು ಹೇಳಿದ್ರೆ ಮಾತ್ರ… ನನಗಾಗಲ್ಲ."

ಅವಳು ಮೊದಲ ಸಲ ಅವನನ್ನು ಶಶಿ ಎಂದಿದ್ದಳು. ಅದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

ಮನೆಗೆ ಹೋಗಿ ಅವಳು ಅಪ್ಪನ ಎದುರು ಟೂಲ್ ಬಾಕ್ಸ್ ಇಟ್ಟಳು. ಬೀಗ ತೆಗೆದು, ಕೀಯನ್ನು ಅವರ ಅಂಗೈಯಲ್ಲಿಟ್ಟಳು. ಬೈರಯ್ಯನವರಿಗೆ ಎಲ್ಲ ಅರ್ಥವಾಯಿತು.

"ಅವನು ಹೇಳ್ಬಿಟ್ನಾ?"

"ಇಲ್ಲಪ್ಪ. ನಟ್ಟು ಹೇಳ್ತು."

"ನೀನು ದಿನಾ ಓಡ್ಸೋ ಗಾಡಿ… ಸಡಿಲ ಇದ್ರೆ ಎಲ್ಲಾದ್ರೂ ನಿಂತ್ಬಿಡುತ್ತೆ ಅಂತ ಮಾಡ್ದೆ ಕಣಮ್ಮ. ನಾನೇ ನಿಲ್ಲಿಸ್ಬಿಟ್ಟೆ." ಕಣ್ಣು ತುಂಬಿತ್ತು.

"ನಾನೂ ತಪ್ಪು ಮಾಡ್ದೆ. ಕೇಳ್ದೆ ಬೀಗ ಹಾಕ್ದೆ." ಅವಳು ಅವರ ಮೊಣಕಾಲಿನ ಮೇಲೆ ತಲೆ ಇಟ್ಟಳು. "ನಾಳೆ ಹೊಸ ಬೆಲ್ಟ್ ಹಾಕ್ತಾರೆ. ನೀವೂ ಬನ್ನಿ."

*

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಹೆಡ್ ಕೂತಿತ್ತು, ವಾಲ್ವ್ ಕೂತಿತ್ತು. ಶಶಿಕುಮಾರ್ ಕ್ರ್ಯಾಂಕ್, ಕ್ಯಾಮ್, ಡೀಸೆಲ್ ಪಂಪ್ ಮೂರೂ ಚಕ್ರಗಳ ಗುರುತನ್ನೂ ಸರಿಯಾಗಿ ಹೊಂದಿಸಿ, ಹೊಸ ಬೆಲ್ಟನ್ನು ಒಂದೊಂದೇ ಹಲ್ಲಿಗೆ ಕೂರಿಸಿದ. ಟೆನ್ಶನರ್ ಬಿಗಿ ಮಾಡಿ, ಪಕ್ಕಕ್ಕೆ ಸರಿದ.

"ಯಜಮಾನ್ರೇ, ಬನ್ನಿ. ಎರಡು ಬೆರಳಲ್ಲಿ ಬೆಲ್ಟ್ ಹಿಡ್ಕೊಂಡು ತಿರುಚಿ. ಅಡ್ಡಕ್ಕೆ ತಿರುಗಿ ನಿಂತ್ರೆ ಸರಿ. ಅದಕ್ಕಿಂತ ಜಾಸ್ತಿ ತಿರುಗಿದ್ರೆ ಸಡಿಲ, ತಿರುಗ್ಲಿಲ್ಲ ಅಂದ್ರೆ ಬಿಗಿ."

ಬೈರಯ್ಯ ಕೈ ಚಾಚಿದರು. ಕೈ ನಡುಗುತ್ತಿತ್ತು. ಬೆರಳು ಬೆಲ್ಟನ್ನು ಹಿಡಿದ ಮೇಲೆ ಸ್ವಲ್ಪ ನಿಂತಿತು. ತಿರುಚಿದರು.

"ಹ್ಞಾಂ… ಇಷ್ಟೇನಾ? ಇಷ್ಟು ಸಾಕಾ ಇದಕ್ಕೆ?"

"ಇಷ್ಟೇ ಸಾಕು," ಎಂದು ಶಶಿಕುಮಾರ್ ಅವಳ ಕಡೆ ತಿರುಗಿದ.

"ಮೇಡಂ, ಈಗ ನೀವು. ಸ್ಟಾರ್ಟ್ ಮಾಡೋ ಮುಂಚೆ ಕೈಯಲ್ಲೇ ಎರಡು ಸುತ್ತು ತಿರುಗಿಸ್ಬೇಕು. ಎಲ್ಲಾದ್ರೂ ತಡೆದ್ರೆ ಬಲ ಹಾಕ್ಬೇಡಿ, ನಿಲ್ಲಿಸಿ."

ಉದ್ದನೆಯ ಸ್ಪ್ಯಾನರ್ ಹಿಡಿದು ಅವಳು ತಿರುಗಿಸಿದಳು. ಒಂದು ಸುತ್ತು… ಎರಡು… ಮೂರೂ ಗುರುತುಗಳು ಮತ್ತೆ ತಮ್ಮ ಜಾಗಕ್ಕೇ ಬಂದು ನಿಂತವು. ಕೀ ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ, ಆಮೇಲೆ ಗುಡುಗುಡು ಎಂದು ಒಂದೇ ಹದದಲ್ಲಿ ಓಡತೊಡಗಿತು. ಬೈರಯ್ಯ ಚಪ್ಪಾಳೆ ತಟ್ಟಿಯೇಬಿಟ್ಟರು. ಆಮೇಲೆ ಇಬ್ಬರ ಮುಖವನ್ನೂ ಒಂದು ಸಲ ನೋಡಿ, ತಮಗೆ ಈಗಲೇ ಟೀ ಬೇಕು ಎಂದು ಹೊರಗೆ ನಡೆದರು.

ಯಶೋಧರಾ ಸ್ಟೂಲಿನ ಮೇಲೆ ಬಿದ್ದಿದ್ದ ವಾಲ್ವಿನ ಖಾಲಿ ಡಬ್ಬಿ ಎತ್ತಿಕೊಂಡಳು. ಡಬ್ಬಿ ಕೈಗೆ ಸಿಕ್ಕರೆ ಮೇಲಿರುವುದನ್ನೆಲ್ಲ ಓದುವುದು ಅವಳ ಚಾಳಿ. ಅಂಗಡಿಯ ಚೀಟಿ ಅಂಟಿತ್ತು.

"ಶಶಿ, ವಾಲ್ವ್ ಶುಕ್ರವಾರ ಬರುತ್ತೆ ಅಂದ್ರಲ್ಲ?"

"ಹ್ಞೂಂ…"

"ಇದರ ಮೇಲೆ ಮಂಗಳವಾರದ ತಾರೀಖಿದೆ."

ಅವನು ಕೈ ಒರೆಸುವ ಬಟ್ಟೆಯಲ್ಲಿ ಮುಖ ಒರೆಸಿಕೊಂಡ. ಮುಖಕ್ಕೆಲ್ಲ ಗ್ರೀಸ್ ಆಯಿತು. "ಮಂಗಳವಾರವೇ ಹೇಳಿದ್ರೆ ಕೆಲಸ ಬೇಗ ಮುಗೀತಿತ್ತು. ನೀವು ಬರೋದು ನಿಂತ್ಹೋಗ್ತಿತ್ತು. ಅದಕ್ಕೆ…"

"ಅದೂ ಸುಳ್ಳು!"

"ಅದೊಂದು ನನ್ನ ಸ್ವಂತದ ಸುಳ್ಳು. ನಿಮ್ಮ ಒಳ್ಳೇದಕ್ಕಲ್ಲ, ನನ್ನ ಒಳ್ಳೇದಕ್ಕೆ." ಅವನು ಉಸಿರೆಳೆದುಕೊಂಡ. "ನೀವಂದ್ರೆ ನನಗೆ ಇಷ್ಟ ಯಶೋಧರಾ. ಸ್ಟೂಲ್ ಹಾಕ್ಕೊಂಡು ನನ್ನ ಕಳ್ಳನ್ನ ನೋಡೋ ಹಾಗೆ ನೋಡ್ತಾ ಕೂತಿರ್ತಿದ್ರಲ್ಲ, ಆವಾಗಿಂದ ಇಷ್ಟ."

ಅವಳಿಗೆ ಹೌದು ಎಂದುಬಿಡಬೇಕು ಎನ್ನಿಸಿತು. ಆದರೆ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದಿತ್ತು. ಅದನ್ನು ಕೇಳದೆ ಹೌದು ಎಂದರೆ ಅವಳು ಯಶೋಧರಾ ಆಗುತ್ತಿರಲಿಲ್ಲ.

"ನಾವು ಯಾರು ಅಂತ ನಿಮ್ಮಮ್ಮಂಗೆ ಗೊತ್ತಾ?"

ಸುಲಭದ ಮಾತೊಂದು ಅವನ ನಾಲಿಗೆಯ ತುದಿಗೆ ಬಂದದ್ದು, ಅವನು ಅದನ್ನು ನುಂಗಿದ್ದು, ಎರಡೂ ಅವಳಿಗೆ ಕಂಡವು.

"ಗುರುವಾರ ನಿಮ್ಮನೆಯಿಂದ ಹೋದ್ಮೇಲೆ ಹೇಳ್ದೆ. ಎಲ್ಲಾ ಹೇಳ್ದೆ."

"ಏನಂದ್ರು?"

"ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ತಟ್ಟೆ ಇಟ್ಟು ಎದ್ಹೋಗೋರು. ಅತ್ರು ಕೂಡ." ಅವನ ದನಿ ಇಳಿಯಿತು. "ಈಗ್ಲೂ ಪೂರ್ತಿ ಒಪ್ಪಿದಾರೆ ಅಂತ ಹೇಳಲ್ಲ. ಇವತ್ತು ಬೆಳಗ್ಗೆ ಹಿಟ್ಟು ತಿರುವ್ತಾ, ನನ್ನ ಕಡೆ ನೋಡ್ದೇನೇ ಕೇಳಿದ್ರು… ಆ ಹುಡುಗಿ ಮುದ್ದೆ ಉಣ್ತಾಳೇನೋ ಅಂತ."

ಯಶೋಧರಾ ಅವನನ್ನೇ ನೋಡಿದಳು. ಕಣ್ಣು, ಹುಬ್ಬು, ಕತ್ತು… ಎಲ್ಲೂ ಕೆಂಪಿರಲಿಲ್ಲ. ತುಟಿ ಮಾತ್ರ ಹೆದರಿಕೆಯಿಂದ ಒಣಗಿತ್ತು. ಅವಳಿಗೆ ನೋವಾಗುವ ಮಾತನ್ನು, ಅವಳು ಎದ್ದುಹೋದರೂ ಹೋಗಬಹುದೆಂದು ಗೊತ್ತಿದ್ದೂ, ಅವನು ಮುಚ್ಚಿಡದೆ ಹೇಳಿದ್ದ.

"ಥ್ಯಾಂಕ್ಸ್," ಎಂದಳು. ಕಣ್ಣೀರು ಕೆನ್ನೆಗೆ ಇಳಿದಿತ್ತು.

"ಯಾತಕ್ಕೆ?"

"ಅಮ್ಮ ಖುಷಿಯಾಗಿದಾರೆ ಅಂತ ಹೇಳ್ದೇ ಇದ್ದಿದ್ದಕ್ಕೆ."

ಅವನು ಗ್ರೀಸ್ ಕೈಯನ್ನು ಚಾಚಿದವನು ನಾಚಿ ಹಿಂದಕ್ಕೆ ಎಳೆದುಕೊಂಡ. ಅವಳೇ ಹಿಡಿದುಕೊಂಡಳು, ಗ್ರೀಸ್ ಸಮೇತ.

"ಹಾಗಾದ್ರೆ ಅಮ್ಮಂಗೆ ಏನಂತ ಹೇಳ್ಲಿ?"

"ಉಣ್ತಾಳೆ ಅಂತ ಹೇಳು," ಎಂದಳು ಯಶೋಧರಾ. "ಎದುರಿಗೆ ಕೂತು ಬಡಿಸಿದ್ರೆ ಎರಡು ಉಣ್ತಾಳೆ ಅಂತ ಹೇಳು."